ಕಬ್ಬಿಣದ ಬಾಣಲೆಗೆ ಕಿಲುಬು ಹೊರಿಸಿದವರು

ಸೂರತ್‌ನ ಹೋಟೆಲೊಂದರಲ್ಲಿ ನಾನು ಮಾಡಿದ ಸೋರೆಕಾಯಿ ಪಲ್ಯವನ್ನು ತಿಂದು ಏಳು ಮಂದಿ ಆಸ್ಪತ್ರೆ ಸೇರಿದರು. ಇದು ನಿಜ. ನಾನು ಕಲಾಯಿ ಹೋದ ಹಿತ್ತಾಳೆ ಬಾಣಲೆಯಲ್ಲಿ ಅದನ್ನು ಬೇಯಿಸಿದ್ದೆನೆಂದೂ ಕಿಲುಬಿನಿಂದ ಅದು ವಿಷವಾಯಿತೆಂದೂ ಅಂದು ಪೊಲೀಸರ ಕಾಗದದಲ್ಲಿ ಬರೆಯಿಸಲಾಯಿತು. ಇದು ಸುಳ್ಳು. ಆ ಸುಳ್ಳನ್ನು ಈಗ, ನಾನು ಕೆಲಸ ಬಿಟ್ಟು ಮನೆಯಲ್ಲಿ ಕುಳಿತಿರುವ ಕಾಲದಲ್ಲಿ, ಅದೇ ಹೋಟೆಲಿನವರು ತಮ್ಮ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸಿದ್ದಾರೆ. "ಆರಂಭದ ದಿನಗಳಲ್ಲಿ ಅಡಿಗೆಯವರೊಬ್ಬರ ಅಜಾಗರೂಕತೆಯಿಂದ, ಕಿಲುಬು ಹಿಡಿದ ಪಾತ್ರೆಯ ಕಾರಣ, ಅಹಿತಕರ ಪ್ರಸಂಗವೊಂದು ಒದಗಿತು, ಶ್ರೀದೇವರ ದಯೆಯಿಂದ ಸಂಸ್ಥೆ ಅದನ್ನು ದಾಟಿತು" ಎಂಬುದು ಅಲ್ಲಿರುವ ವಾಕ್ಯ. ನನ್ನ ಹೆಸರು ಹಾಕಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಗುಜರಾತಿನ ನಮ್ಮ ಉಡುಪಿ ಕಡೆಯವರ ಹೋಟೆಲುಗಳಲ್ಲಿ ದುಡಿದ ಹಳಬರಿಗೆಲ್ಲ ಆ ಅಡಿಗೆಯವನು ಯಾರೆಂದು ಗೊತ್ತು.

ಈ ಬರಹ ಮುಖ್ಯವಾಗಿ ಒಲೆಯ ಮುಂದೆ ನಿಲ್ಲಲು ಹೊಸದಾಗಿ ಬರುವವರಿಗಾಗಿ. ನಾನು ಯಾವ ವರ್ಷ ಪಾತ್ರೆ ತೊಳೆಯುವಲ್ಲಿಂದ ಒಲೆಯ ಬಳಿಗೆ ಬಂದೆ, ಯಾವ ವರ್ಷ ನನ್ನ ಕೈಕೆಳಗೆ ಇಬ್ಬರನ್ನು ಕೊಟ್ಟರು ಎಂಬುದರಿಂದ ಅವರಿಗೆ ಪ್ರಯೋಜನವಿಲ್ಲ. ನಾನು ಎಲ್ಲಿ ಹೆದರಿದೆ, ಎಲ್ಲಿ ಹೆದರಬೇಕಾಗಿತ್ತು, ಎಲ್ಲಿ ತಪ್ಪಾದ ಸಂಗತಿಗೆ ಹೆದರಿದೆ ಎಂಬುದರಿಂದ ಪ್ರಯೋಜನವಿದೆ.

ಹೋಟೆಲಿನ ಊಟದಲ್ಲಿ ಪಲ್ಯವನ್ನು ಸಣ್ಣ ಸಂಗತಿಯೆಂದು ತಿಳಿಯುತ್ತಾರೆ. ಹುಳಿ ತಪ್ಪಿದರೆ ತಿದ್ದಲು ಎಡೆಯಿದೆ; ನೀರು ಸೇರಿಸಬಹುದು, ಬೇಳೆ ಸೇರಿಸಬಹುದು, ಇನ್ನೊಂದು ಕುದಿ ಕುದಿಸಬಹುದು. ಪಲ್ಯಕ್ಕೆ ಅಂಥ ದಯೆಯಿಲ್ಲ. ಬಾಣಲೆಗೆ ಎಣ್ಣೆ ಬಿದ್ದಲ್ಲಿಂದ ಕಾಯಿತುರಿ ಉದುರಿಸಿ ಇಳಿಸುವವರೆಗೆ ಕಾಲು ಗಂಟೆ. ಆ ಕಾಲು ಗಂಟೆಯಲ್ಲಿ ಸಾಸಿವೆ ಸಿಡಿಯಬೇಕು, ಉದ್ದಿನಬೇಳೆ ಕೆಂಪಾಗಬೇಕು, ಮೆಣಸು ಉಬ್ಬಬೇಕು, ಇಂಗು ಕರಗಬೇಕು, ತರಕಾರಿ ಬೇಯಬೇಕು, ಆದರೆ ಮುದ್ದೆಯಾಗಬಾರದು. ಆ ಕಾಲು ಗಂಟೆ ಅಡಿಗೆಯವನಿಗೆ ಯೋಚಿಸಲು ಪುರುಸೊತ್ತಿಲ್ಲ. ಆದ್ದರಿಂದ ಯೋಚಿಸುವ ಕೆಲಸವೆಲ್ಲ ಬಾಣಲೆ ಒಲೆಗೇರುವ ಮೊದಲೇ ಮುಗಿದಿರಬೇಕು. ನನ್ನ ಬಾಳು ಕೆಟ್ಟದ್ದು ಈ ಒಂದು ಮಾತಿನ ಮೇಲೆ.

ಅರವತ್ತರ ದಶಕದ ಆರಂಭದಲ್ಲಿ, ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಉಡುಪಿಯ ಕಡೆಯಿಂದ ಅಹಮದಾಬಾದಿಗೆ ಬಂದೆ. ಅಲ್ಲಿ ಊಟದ ಹೋಟೆಲೊಂದರ ಮುಖ್ಯ ಅಡಿಗೆಯವರು ನಮ್ಮೂರಿನವರೇ ಆದ ಅನಂತಯ್ಯನವರು. ನಾವೆಲ್ಲ ಅವರನ್ನು ಅನಂತಣ್ಣ ಎನ್ನುತ್ತಿದ್ದೆವು. ಕಲ್ಲಿದ್ದಲಿನ ಒಲೆಯ ಮೇಲಿದ್ದ ಬಾಣಲೆಯ ಅಗಲ ನನ್ನ ಎರಡು ತೋಳುಗಳನ್ನು ಸೇರಿಸಿ ಸುತ್ತು ಹಾಕಿದರೆ ಆಗುವಷ್ಟು. ಮೊದಲ ದಿನ ಸಾಸಿವೆ ಹಾಕಿದ್ದೇ ತಡ, ನಾನು ಹಿಂದಕ್ಕೆ ನೆಗೆದು ನೀರಿನ ಕೊಪ್ಪರಿಗೆಗೆ ಬೆನ್ನು ಹೊಡೆಸಿಕೊಂಡೆ.

"ಸಾಸಿವೆ ಹಾರುದು ಎಣ್ಣೆ ಬಿಸಿಗೆ. ನೀನು ಹಾರುದೆಂತಕ್ಕೆ ಮಾರಾಯ?" ಎಂದರು ಅನಂತಣ್ಣ.

ಅಡಿಗೆಮನೆಯೆಲ್ಲ ನಕ್ಕಿತು. ಯಾರು ಯಾರು ನಕ್ಕರೆಂದು ಇಂದಿಗೂ ಹೇಳಬಲ್ಲೆ. ಆದರೆ ಅನಂತಣ್ಣ ನಗಲಿಲ್ಲ. ನನ್ನ ಕೈಗೆ ಉದ್ದ ಹಿಡಿಯ ಸಟ್ಟುಗವನ್ನು ಕೊಟ್ಟು, ಹೆದರಿಕೆ ಇರಲಿ, ಕಾಲಿನಲ್ಲಿ ಬೇಡ, ಕಣ್ಣಿನಲ್ಲಿ ಇಟ್ಟುಕೋ ಎಂದರು.

ಆ ಹೋಟೆಲಿನಲ್ಲಿ ನನ್ನಿಂದ ನಡೆದ ಮೊದಲ ಪ್ರಮಾದವನ್ನು ಮುಚ್ಚಿಡುವುದಿಲ್ಲ. ಊಟಕ್ಕೆ ಬರುವವರಲ್ಲಿ ಜೈನ ವ್ಯಾಪಾರಿಗಳು ಬಹಳ. ಅವರು ನೆಲದೊಳಗೆ ಬೆಳೆಯುವ ಯಾವ ಗಡ್ಡೆಯನ್ನೂ ಮುಟ್ಟುವುದಿಲ್ಲ. ಅಕ್ಕಪಕ್ಕದ ಎರಡು ಬಾಣಲೆಗಳಲ್ಲಿ ಬಟಾಟೆ ಪಲ್ಯ, ಕೋಸಿನ ಪಲ್ಯ. ಒಂದರಿಂದ ತೆಗೆದ ಸಟ್ಟುಗವನ್ನು ಗಡಿಬಿಡಿಯಲ್ಲಿ ಇನ್ನೊಂದಕ್ಕೆ ಹಾಕಿದೆ. ದಿನವೂ ಬರುತ್ತಿದ್ದ ವೃದ್ಧ ವ್ಯಾಪಾರಿಯೊಬ್ಬರು ಕೋಸಿನ ಎಳೆಗಳ ನಡುವೆ ಬೆರಳುಗುರಿನಷ್ಟು ಬಟಾಟೆಯನ್ನು ಕಂಡು ಕೈ ನಿಲ್ಲಿಸಿದರು. ಅದಕ್ಕೂ ಮೊದಲು ಎರಡು ತುತ್ತು ಒಳಗೆ ಹೋಗಿತ್ತು. ಅವರು ಬೈಯಲಿಲ್ಲ. ಎದ್ದು ಕೈ ತೊಳೆದು ಅಡಿಗೆಮನೆಯ ಬಾಗಿಲಿನವರೆಗೆ ಬಂದು ನನ್ನ ಮುಖವನ್ನು ಒಮ್ಮೆ ನೋಡಿ, ಕೈ ಮುಗಿದು ಹೊರಟುಹೋದರು. ಮತ್ತೆ ಬರಲಿಲ್ಲ. ಅಲ್ಲಿಯ ಮಾಲೀಕರು ಊಟದ ಹೊತ್ತು ಮುಗಿಯುವವರೆಗೆ ನನ್ನನ್ನು ಗಿರಾಕಿಗಳ ನಡುವೆ ಸಟ್ಟುಗ ಹಿಡಿಸಿ ನಿಲ್ಲಿಸಿದರು. ಅವರು ಈಗಿಲ್ಲ; ಆದರೂ ಬರೆದಿಡುತ್ತೇನೆ. ನಿಂತದ್ದರ ಅವಮಾನ ಒಂದು ವಾರಕ್ಕೆ ಕಳೆಯಿತು. ಆ ಮುದುಕರು ಕೈ ಮುಗಿದದ್ದು ಕಳೆಯಲಿಲ್ಲ. ಕಣ್ಣಿಗೆ ಕಾಣದ ಕೈಯೊಂದನ್ನು ನಂಬಿ ಜನ ಬಾಯಿ ತೆರೆಯುತ್ತಾರೆ, ಆ ಕೈ ನನ್ನದು ಎಂಬ ಭಯ ಅಂದು ಹೊಕ್ಕಿತು. ಅಂದಿನಿಂದ ಒಂದೊಂದು ಬಾಣಲೆಗೆ ಒಂದೊಂದು ಸಟ್ಟುಗ, ಗಡ್ಡೆಯದರ ಹಿಡಿಗೆ ಕೆಂಪು ಬಟ್ಟೆ.

ಎರಡು ವರ್ಷದ ಬಳಿಕ ಅನಂತಣ್ಣ ಬರೋಡಾಕ್ಕೆ, ಅಲ್ಕಾಪುರಿಯ ಕಡೆ ಹೊಸದಾಗಿ ತೆರೆದ ಹೋಟೆಲಿಗೆ ಹೋದರು, ನನ್ನನ್ನೂ ಕರೆದುಕೊಂಡರು. ಪಲ್ಯದ ಕೆಲಸವನ್ನು ನಾನು ಪೂರ್ತಿ ಕಲಿತದ್ದು ಅಲ್ಲಿ. ಅವರ ಎರಡು ನಿಯಮಗಳನ್ನು ಇಲ್ಲಿ ಹೇಳಲೇಬೇಕು. ಮುಂದಿನದೆಲ್ಲ ಇವುಗಳಿಂದಲೇ ಆದದ್ದು.

ಮೊದಲನೆಯದು, ಪಲ್ಯ ಮಾಡುವವನೇ ತರಕಾರಿ ಹೆಚ್ಚಬೇಕು. ಸೋರೆ, ಹೀರೆ, ಸೌತೆ, ಈ ಬಳ್ಳಿಯ ಕಾಯಿಗಳನ್ನು ಈಳಿಗೆಗೆ, ನಮ್ಮ ಮಾತಿನ ಮೆಟ್ಟುಕತ್ತಿಗೆ, ಕೊಟ್ಟೊಡನೆ ಎರಡು ತುದಿಯಿಂದಲೂ ಒಂದೊಂದು ಸಿವುರು ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಬೇಕು. ಒಂದು ಬುಟ್ಟಿಯಲ್ಲಿ ಐವತ್ತು ಕಾಯಿ ಇದ್ದರೆ ಐವತ್ತನ್ನೂ. ಎರಡನೆಯದು, ಒಲೆಗೇರಿದ ಮೇಲೆ ಯಾವುದನ್ನೂ ಬಾಯಿಗೆ ಹಾಕಕೂಡದು. ನಮ್ಮಲ್ಲಿ ಅದು ಎಂಜಲು. ದೇವರ ನೈವೇದ್ಯಕ್ಕೆ ಬೇಯಿಸುವ ಮನೆಗಳಿಂದ ಬಂದ ಅಡಿಗೆಯವರು ನಾವು. ಉಪ್ಪನ್ನು ಕೈಯ ಅಳತೆಯಲ್ಲಿ, ಹದವನ್ನು ಹಬೆಯ ವಾಸನೆಯಲ್ಲಿ ತಿಳಿಯುವುದೇ ನಮ್ಮ ಹೆಮ್ಮೆ. ಹೋಟೆಲಿನಲ್ಲಿ ನೈವೇದ್ಯವಿರಲಿಲ್ಲ, ನಿಯಮ ಮಾತ್ರ ಉಳಿದಿತ್ತು.

ಒಮ್ಮೆ ಅನಂತಣ್ಣ ಸೋರೆಯ ಸಿವುರೊಂದನ್ನು ನಾಲಿಗೆಗೆ ಮುಟ್ಟಿಸಿದವರು ಕತ್ತಿಯ ಮಣೆಯಿಂದ ಎದ್ದೇಬಿಟ್ಟರು. ಮಜ್ಜಿಗೆಯಿಂದ ಬಾಯಿ ಮುಕ್ಕಳಿಸಿದರು, ಮತ್ತೊಮ್ಮೆ ಮುಕ್ಕಳಿಸಿದರು. ಅನಂತರ ಇಡೀ ಬುಟ್ಟಿಯನ್ನು ಹಿತ್ತಿಲಿಗೆ ಹೊರಿಸಿ ಗುಂಡಿ ತೋಡಿಸಿ ಹೂಳಿಸಿದರು. ಒಂದು ಕಾಯಿ ಕಹಿಯಾದರೆ ಉಳಿದದ್ದನ್ನೇಕೆ ಎಸೆಯಬೇಕೆಂದು ಕೇಳಿದೆ.

"ಹಾಗಲಕಾಯಿಯ ಕಹಿ ನಾಲಿಗೆಯಲ್ಲೇ ನಿಲ್ತದೆ. ಸೋರೆಯ ಕಹಿ ಹಾಗಲ್ಲ, ಹೊಟ್ಟೆಗೆ ಇಳಿದು ರಕ್ತ ಕಾರಿಸ್ತದೆ. ದನ ಕೂಡ ತಿನ್ನಬಾರ್ದು ಅದನ್ನು" ಎಂದರು.

ಅವರು ಚಿಕ್ಕವರಿದ್ದಾಗ ನೆರೆಮನೆಯ ಹೆಂಗಸೊಬ್ಬಳು ಕಾಯಿ ದಂಡವಾಗಬಾರದೆಂದು ಅಂಥದ್ದನ್ನು ಉಂಡು ಎರಡು ದಿನ ನರಳಿದ್ದನ್ನು ಕಂಡಿದ್ದರಂತೆ. ಆ ದಿನ ಅನಂತಣ್ಣನನ್ನು ಮಾಲೀಕರು ಬೈದರು. ಅವರು ಬೈಸಿಕೊಂಡು ನಿಂತರೇ ಹೊರತು ಬುಟ್ಟಿಯನ್ನು ಉಳಿಸಲಿಲ್ಲ. ಆಮೇಲೆ ನನಗೆ ಕನಸಿನಲ್ಲಿ ಕೂಡ ಸೋರೆಕಾಯಿ ಬರುತ್ತಿತ್ತು. ತುದಿ ಕತ್ತರಿಸುತ್ತಿದ್ದೇನೆ, ನಾಲಿಗೆ ಮರಗಟ್ಟಿದೆ, ರುಚಿ ತಿಳಿಯುತ್ತಿಲ್ಲ.

ಅನಂತಣ್ಣನಿಗೆ ಉಬ್ಬಸ ಹೆಚ್ಚಾಯಿತು, ಅವರು ಊರಿಗೆ ಮರಳಿದರು. ನಾನು ಒಬ್ಬನೇ ಸೂರತ್‌ಗೆ ಹೋದೆ. ಅಲ್ಲಿಯ ಹೋಟೆಲಿನ ಮಾಲೀಕರನ್ನು ನಾವು ಧನಿಗಳೆನ್ನುತ್ತಿದ್ದೆವು. ಅವರು ಗಲ್ಲೆಯ ಬಳಿ ಕುಳಿತು ಎಲ್ಲರೊಡನೆ ನಗುತ್ತ ಮಾತಾಡುವ ಮೃದು ಸ್ವಭಾವದವರು. ಆಡಳಿತವೆಲ್ಲ ಅವರ ಹೆಂಡತಿಯ ತಮ್ಮ ಸೀತಾರಾಮ ರಾಯರದು. ರಾಯರಿಗೆ ಆಗ ಮೂವತ್ತು ದಾಟಿರಲಿಲ್ಲ. ಬೊಂಬಾಯಿಯಲ್ಲಿ ದೊಡ್ಡ ಕ್ಯಾಂಟೀನುಗಳನ್ನು ನೋಡಿ ಬಂದಿದ್ದರು. ಎಲ್ಲವನ್ನೂ ಬೇಗ ಮಾಡಿಸಬೇಕೆಂಬುದು ಅವರ ಹಟ. ಹಿತ್ತಿಲಿನಲ್ಲಿ ತಗಡಿನ ಮಾಡು ಹಾಕಿಸಿ, ತರಕಾರಿ ಹೆಚ್ಚಲು ಇಬ್ಬರು ಹೆಂಗಸರನ್ನು ನೇಮಿಸಿದರು. ಅವರು ಬೆಳಿಗ್ಗೆಯೇ ಎಲ್ಲವನ್ನೂ ಹೆಚ್ಚಿ ನೀರು ತುಂಬಿದ ಬಾಲ್ದಿಗಳಿಗೆ ಹಾಕುವರು. ಒಲೆಯ ಬಳಿಗೆ ಬರುವಾಗ ಯಾವ ಚೂರು ಯಾವ ಕಾಯಿಯದೆಂದು ಬ್ರಹ್ಮನಿಗೂ ತಿಳಿಯದು. ಆ ಹೆಂಗಸರ ಮೇಲೆ ನನ್ನ ದೂರು ಇಲ್ಲ. ಸಿವುರು ನೋಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ರಾಯರ ಬಳಿ ಹೋಗಿ, ಬಳ್ಳಿಯ ಕಾಯಿಗಳನ್ನಾದರೂ ನಾನೇ ಹೆಚ್ಚಿಕೊಳ್ಳುತ್ತೇನೆ, ಅರ್ಧ ಗಂಟೆ ಬೇಗ ಬರುತ್ತೇನೆ ಎಂದು ವಿನಂತಿಸಿದೆ.

"ನೀನು ಬೇಗ ಬಂದ್ರೆ ದೂಧಿ ಬೇಗ ಬೇಯ್ತದಾ ಪದ್ಮನಾಭ?" ಎಂದರು. ಸೋರೆಕಾಯಿಗೆ ಅಲ್ಲಿ ದೂಧಿ ಎನ್ನುತ್ತಾರೆ. ರಾಯರು ನಮ್ಮ ಮಾತಿನ ಸೋರೆಯನ್ನು ಬಿಟ್ಟು ಬಹುಕಾಲವಾಗಿತ್ತು.

ನಾನು ಬಿಡಲಿಲ್ಲ. ಬಾಲ್ದಿಯಿಂದಲೇ ನಾಲ್ಕಾರು ಚೂರು ತೆಗೆದು ನಾಲಿಗೆಗೆ ಮುಟ್ಟಿಸಿ ನೋಡುವುದನ್ನು ಇಟ್ಟುಕೊಂಡೆ. ಆ ಹೋಟೆಲಿನಲ್ಲಿ ಅಡಿಗೆಮನೆಗೂ ಊಟದ ಕೋಣೆಗೂ ನಡುವೆ ಗಾಜಿನ ಕಿಟಕಿಯಿತ್ತು. ಶುಚಿಯನ್ನು ಗಿರಾಕಿಗಳು ನೋಡಲಿ ಎಂದು ರಾಯರೇ ಇಡಿಸಿದ್ದು. ನಾನು ಉಗುಳುವುದನ್ನು ಯಾರೋ ಕಂಡು ದೂರಿದರು. ರಾಯರು ಎಲ್ಲ ಕೆಲಸದವರನ್ನೂ ಸಾಲಾಗಿ ನಿಲ್ಲಿಸಿ, ಇನ್ನು ಮುಂದೆ ಅಡಿಗೆಮನೆಯಲ್ಲಿ ಹಸಿಯದಾಗಲಿ ಬೆಂದದ್ದಾಗಲಿ ಯಾರೂ ಬಾಯಿಗೆ ಹಾಕಕೂಡದೆಂದು ಆಜ್ಞೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇಲ್ಲಿ ನಿನಗೆ ಬಾಯಿ ಇರುದು ಹೂಂ ಅನ್ಲಿಕ್ಕೆ ಮಾತ್ರ."

ನಾನು ಹೂಂ ಎಂದೆ. ಅಂದು ಕೆಲಸ ಬಿಟ್ಟು ಹೋಗಬೇಕಾಗಿತ್ತು. ಗುಜರಾತಿ ಓದಲು ಬಾರದ, ಊರಿನಲ್ಲಿ ಎರಡು ಹೊತ್ತಿನ ಊಟಕ್ಕೆ ನನ್ನನ್ನೇ ನೆಚ್ಚಿದವರಿದ್ದ ನಾನು ರಾಯರಿಗೆ ಹೆದರಿದೆ. ಸೋರೆಕಾಯಿಗಿಂತ ರಾಯರಿಗೆ ಹೆಚ್ಚು ಹೆದರಿದೆ. ಹೊಸಬರು ಗಮನಿಸಬೇಕಾದ ತಪ್ಪು ಇದು.

ಆ ಹೋಟೆಲಿಗೆ ದಿನವೂ ಮಧ್ಯಾಹ್ನ ಬರುತ್ತಿದ್ದ ಕನ್ನಡಿಗರೊಬ್ಬರಿದ್ದರು. ಧಾರವಾಡದ ಕಡೆಯ ಕುಲಕರ್ಣಿಯವರು, ರೈಲ್ವೆ ಪಾರ್ಸೆಲ್ ಕಚೇರಿಯಲ್ಲಿ ಗುಮಾಸ್ತರು. ವರ್ಗವಾಗಿ ಬಂದು ಮನೆ ಸಿಗದೆ ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟಿದ್ದರು. ನನ್ನ ಪಲ್ಯವನ್ನು ಎರಡು ಸಲ ಹಾಕಿಸಿಕೊಳ್ಳದೆ ಏಳುತ್ತಿರಲಿಲ್ಲ. ಬಡಿಸುವುದು ಸ್ವಲ್ಪವೆಂದು ಕಿಟಕಿಯ ಬಳಿ ಬಂದು ಛೇಡಿಸದ ದಿನವೂ ಇರಲಿಲ್ಲ.

"ಭಟ್ಟರ, ನಿಮ್ಮ ಪಲ್ಯಾ ಅಂದ್ರ ಮದುವಿ ಮನಿಯೊಳಗಿನ ಬೀಗರು ಇದ್ಧಾಂಗ ನೋಡ್ರಿ. ಒಂದ ಸಲ ಮಾರಿ ತೋರಿಸಿ ಹೋಗ್ತದ, ಮತ್ತ ಕಣ್ಣಿಗೆ ಬೀಳೂದಿಲ್ಲ" ಎನ್ನುವರು. ಪರವೂರಿನಲ್ಲಿ ಅಕ್ಕರೆಯಿಂದ ಕಿವಿಗೆ ಬೀಳುವ ಕನ್ನಡವೆಂದರೆ ನನಗೆ ಅಷ್ಟೇ. ನಾನು ಅವರಿಗಾಗಿ ಒಂದು ಸೌಟು ತೆಗೆದಿಡುತ್ತಿದ್ದೆ. ಆ ದಿನವೂ ತೆಗೆದಿಟ್ಟೆ.

ಆ ದಿನ ಬೇಸಗೆಯ ಕೊನೆ. ಮಳೆ ಇನ್ನೂ ಬಂದಿರಲಿಲ್ಲ. ಪೇಟೆಯಲ್ಲಿ ತರಕಾರಿ ಸೊರಗಿತ್ತು. ರಾಯರು ಕತಾರ್‌ಗಾಮ್ ಕಡೆಯ ಹೊಲವೊಂದರಿಂದ ಒಂದು ಗಾಡಿ ಸೋರೆಕಾಯಿ ತರಿಸಿದ್ದರು. ನೀರಿಲ್ಲದೆ ಬಾಡಿದ ಬಳ್ಳಿಯ ಕೊನೆಯ ಕೊಯ್ಲು ಅದು ಎಂದು ಗಾಡಿಯವನೇ ಹೇಳಿದನಂತೆ. ಅಂಥ ಬಳ್ಳಿಯ ಕಾಯಿಯನ್ನೇ ಎಲ್ಲಕ್ಕಿಂತ ಹೆಚ್ಚು ಅನುಮಾನಿಸಬೇಕೆಂದು ನನಗೆ ಗೊತ್ತಿತ್ತು. ನನಗೆ ಕಾಯಿಗಳು ಕಾಣಿಸಲಿಲ್ಲ. ಕಂಡದ್ದು ನೀರಿನಲ್ಲಿ ಮುಳುಗಿದ ಬಿಳಿಯ ಚೂರುಗಳ ಮೂರು ಬಾಲ್ದಿ.

ಬಾಣಲೆಯ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಕಬ್ಬಿಣದ್ದು, ಎರಡು ಬಳೆಗಳದ್ದು, ಒಂದು ಬಳೆಯನ್ನು ಆ ವರ್ಷವೇ ಕಮ್ಮಾರನಿಂದ ಹೊಸದಾಗಿ ಕೂರಿಸಿದ್ದು. ಬೆಳಿಗ್ಗೆ ನಾನೇ ಬೂದಿ ಹಾಕಿ ತಿಕ್ಕಿ, ಒರೆಸಿ, ಎಣ್ಣೆಯ ಕೈ ಆಡಿಸಿದ್ದೆ. ಕಿಲುಬು ಬರುವುದು ತಾಮ್ರಕ್ಕೆ, ಹಿತ್ತಾಳೆಗೆ. ಕಬ್ಬಿಣಕ್ಕೆ ಬರುವುದು ತುಕ್ಕು. ಆ ಬಾಣಲೆಗೆ ಅದೂ ಬಂದಿರಲಿಲ್ಲ. ಕಬ್ಬಿಣದ ಬಾಣಲೆಗೆ ಕಲಾಯಿ ಹಾಕಿಸುವ ಪದ್ಧತಿ ನಮ್ಮ ಯಾವ ಅಡಿಗೆಮನೆಯಲ್ಲೂ ಇಲ್ಲ.

ಶೇಂಗಾ ಎಣ್ಣೆ ಕಾಯಿಸಿದೆ. ಸಾಸಿವೆ, ಉದ್ದಿನಬೇಳೆ, ಮುರಿದ ಕೆಂಪು ಮೆಣಸು, ಇಂಗು, ಕರಿಬೇವಿನೆಸಳು. ಅರಸಿನ ಹಾಕಿ ಸೋರೆಯ ಚೂರುಗಳನ್ನು ಬಸಿದು ಸುರಿದೆ. ಉಪ್ಪು, ಮೇಲೆ ಮುಚ್ಚಳ. ಗುಜರಾತಿನ ನಾಲಿಗೆಗೆ ಸಿಹಿ ಬೇಕೆಂದು ಊರಿನ ಎರಡರಷ್ಟು ಬೆಲ್ಲ. ಹಬೆ ಎದ್ದಿತು. ವಾಸನೆಯಲ್ಲಿ ನನಗೆ ಏನೂ ತಿಳಿಯಲಿಲ್ಲ. ನಲವತ್ತು ವರ್ಷ ಒಲೆಯ ಮುಂದೆ ನಿಂತು ಹೇಳುತ್ತಿದ್ದೇನೆ, ಆ ಕಹಿಗೆ ವಾಸನೆಯಿಲ್ಲ.

ಕಾಯಿತುರಿ ಹಾಕುವ ಮೊದಲು ರಾಯರು ಬಂದರು. ಆಜ್ಞೆ ನಮಗೆ, ಅವರಿಗಲ್ಲ. ಬಾಳೆಲೆಯ ತುಂಡಿನಲ್ಲಿ ನಾಲ್ಕು ಹೋಳು ತೆಗೆದುಕೊಂಡು ಊದಿ ಬಾಯಿಗೆ ಹಾಕಿದರು. ಎರಡು ಸಲ ಅಗಿದರು. ಆಮೇಲೆ ಕಿಟಕಿಗೆ ಬೆನ್ನು ಮಾಡಿ ನೀರು ಹೋಗುವ ಮೋರಿಯ ಕಡೆ ಬಾಗಿದರು. ಬಿಸಿ ತಾಗಿತೆಂದು ನಾನು ತಿಳಿದೆ. ಅವರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, "ಇನ್ನೂ ಎರಡು ಮುಷ್ಟಿ ಬೆಲ್ಲ ಹಾಕು" ಎಂದು ಹೊರಟರು.

ನಾನು ನಿಂತೆ. ಏಕೆ ಎಂದು ಕೇಳಬೇಕೆಂದು ಬಾಯಿ ತೆರೆದದ್ದು ನೆನಪಿದೆ. ಕೇಳಲಿಲ್ಲ. ಬೆಲ್ಲ ಹಾಕಿದೆ. ನನ್ನ ಅಪರಾಧ ಎಷ್ಟೆಂದು ಯಾರಾದರೂ ಕೇಳಿದರೆ ಎರಡು ಮುಷ್ಟಿ ಎಂದು ಉತ್ತರಿಸುತ್ತೇನೆ.

ಹನ್ನೆರಡೂವರೆಯ ಹೊತ್ತಿಗೆ ಕುಲಕರ್ಣಿಯವರು ಉಂಡು, ಇವತ್ತು ಬೆಲ್ಲ ಭಾಳ ಆಗ್ಯದಲ್ರೀ ಎಂದು ನಕ್ಕು, ತೆಗೆದಿಟ್ಟಿದ್ದ ಸೌಟನ್ನೂ ಹಾಕಿಸಿಕೊಂಡು ತಿಂದು ಕಚೇರಿಗೆ ಮರಳಿದರು. ಹೆಚ್ಚಿನವರು ಒಂದೆರಡು ಹೋಳು ತಿಂದು ಪಕ್ಕಕ್ಕಿಟ್ಟಿದ್ದರು. ತಟ್ಟೆಗಳು ಹಾಗೆ ಮರಳತೊಡಗಿದಾಗ ನಾನು ಒಲೆ ಬಿಟ್ಟು ಕಿಟಕಿಯ ಬಳಿ ಬಂದು ನಿಂತೆ. ಅಷ್ಟರಲ್ಲಿ ಊಟದ ಕೋಣೆಯಲ್ಲಿ ಯಾರೋ ವಾಂತಿ ಮಾಡಿಕೊಂಡ ಸದ್ದು. ಮತ್ತೊಬ್ಬರು. ನಾನು ಆಜ್ಞೆಯನ್ನು ಮರೆತು ಬಾಣಲೆಯ ತಳದಲ್ಲಿ ಉಳಿದಿದ್ದ ಹೋಳೊಂದನ್ನು ಬಾಯಿಗಿಟ್ಟೆ. ಮೊದಲು ಬೆಲ್ಲ, ಅದರಡಿಯಿಂದ ಅದು ಬಂತು. ಅನಂತಣ್ಣ ಇಡೀ ಬುಟ್ಟಿಯನ್ನು ಏಕೆ ಹೂಳಿಸಿದ್ದರೆಂದು ಆಗ ತಿಳಿಯಿತು. ಉಳಿದುದನ್ನು ಬಡಿಸಬೇಡಿರೆಂದು ಕಿಟಕಿಯಲ್ಲಿ ಕೂಗಿ, ನಾನು ಬರಿಗಾಲಲ್ಲೇ ರೈಲ್ವೆ ಪಾರ್ಸೆಲ್ ಕಚೇರಿಗೆ ಓಡಿದೆ.

ಕುಲಕರ್ಣಿಯವರು ಸಾಮಾನಿನ ಗೋಣಿಗಳ ನಡುವೆ ಮೊಣಕಾಲೂರಿ ಕುಳಿತಿದ್ದರು. ಮುಂದೆ ನೆಲದ ಮೇಲೆ ಇದ್ದದ್ದು ಅನ್ನವಷ್ಟೇ ಅಲ್ಲ, ರಕ್ತವೂ ಇತ್ತು. ಇಬ್ಬರು ಹಮಾಲರು ಹಿಡಿದು ಟಾಂಗಾಕ್ಕೆ ಹತ್ತಿಸಿದರು. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಕೈ ತಣ್ಣಗಾಗುತ್ತ ಬಂತು. ಈ ಮನುಷ್ಯ ಸತ್ತರೆ ಕೊಂದದ್ದು ನಾನು ಎಂಬುದನ್ನು ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಏಳು ಮಂದಿಯಲ್ಲಿ ಆರು ಮಂದಿ ಮರುದಿನಕ್ಕೆ ಎದ್ದು ಕುಳಿತರು. ಕುಲಕರ್ಣಿಯವರು ಏಳಲಿಲ್ಲ. ಎರಡು ಪಾಲು ತಿಂದವರು ಅವರೊಬ್ಬರೇ. ಯಾವ ತರಕಾರಿ ಎಂದು ವೈದ್ಯರು ಕೇಳಿದರು. ನಾನು ನನಗೆ ಬರುವ ಹಿಂದಿಯಲ್ಲಿ, ದೂಧಿ, ಕಹಿ ದೂಧಿ ಎಂದು ಹೇಳಿದೆ. ಅವರು ಬರೆದುಕೊಳ್ಳುವಷ್ಟರಲ್ಲಿ ರಾಯರು ಪೊಲೀಸ್ ಜಮಾದಾರನೊಡನೆ ಒಳಗೆ ಬಂದರು. ರಾಯರು ಗುಜರಾತಿಯಲ್ಲಿ ಹೇಳಿದರು, ಜಮಾದಾರ ಬರೆದುಕೊಂಡ. ಆಮೇಲೆ ಕಾಗದವನ್ನು ನನ್ನ ಮುಂದೆ ಹಿಡಿದರು. ಏನು ಬರೆದಿದೆ ಎಂದು ಕೇಳಿದೆ.

"ಅಡಿಗೆ ಮಾಡಿದ್ದು ನೀನು ಅಂತ ಬರ್ದದ್ದು. ಸುಳ್ಳಾ?" ಎಂದರು ರಾಯರು.

ಸುಳ್ಳಾಗಿರಲಿಲ್ಲ. ನಾನು ಸಹಿ ಹಾಕಿದೆ. ಹಿತ್ತಾಳೆ ಬಾಣಲೆ, ಹೋದ ಕಲಾಯಿ, ಕಿಲುಬು ಎಂಬುವು ಅದರಲ್ಲಿ ಇದ್ದವೆಂದು ತಿಳಿದದ್ದು ಆಸ್ಪತ್ರೆಯ ಜವಾನ ಓದಿ ಹೇಳಿದಾಗ. ಅಷ್ಟರಲ್ಲಿ ಕಾಗದ ಹೋಗಿಯಾಗಿತ್ತು. ಪ್ರಾಣ ಹೋದರೆ ಜೈಲು ಎಂದೂ ಆ ಜವಾನನೇ ಹೇಳಿದ.

ಮಂಚದ ಪಕ್ಕದ ನೆಲದ ಮೇಲೆ ಎರಡು ದಿನ ಕುಳಿತೆ. ದಾದಿ ಬಂದು ನಾಡಿ ಹಿಡಿದಾಗಲೆಲ್ಲ ಅವಳ ಮುಖವನ್ನು ನೋಡುವೆ. ಅವಳು ಮುಖದಲ್ಲಿ ಏನನ್ನೂ ತೋರಿಸುತ್ತಿರಲಿಲ್ಲ. ಕುಲಕರ್ಣಿಯವರ ಹೆಂಡತಿಗೆ ಕಚೇರಿಯವರು ತಂತಿ ಕಳುಹಿಸಿದ್ದರು. ಆಕೆ ಧಾರವಾಡದಿಂದ ಬಂದು ತಲುಪಿದಾಗ ನಾನು ಯಾರೆಂದು ಹೇಳಿಕೊಳ್ಳಬೇಕೆಂದು ನೂರು ಸಲ ಮನಸ್ಸಿನಲ್ಲಿ ವಾಕ್ಯ ಕಟ್ಟಿದೆ. ಒಂದೂ ಸರಿಹೋಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವರು ಕಣ್ಣು ತೆರೆದು ಎರಡು ಚಮಚೆ ನೀರು ಇಳಿಸಿಕೊಂಡರು. ನನ್ನನ್ನು ಗುರುತಿಸಿದರು.

"ಭಟ್ಟರ, ಬೆಲ್ಲದ ಕೆಳಗ ಕಹಿ ಇತ್ರೀ. ಕಹಿ ಆರೋಗ್ಯಕ್ಕ ಛಲೋ ಅಂತ ತಿಂದೆ. ನಿಮಗ ಗೊತ್ತಿರಲಿಲ್ಲೇನು?"

ಗೊತ್ತಿರಲಿಲ್ಲ ಎಂದೆ.

"ಊರ ಮಂದಿಗೆಲ್ಲಾ ಉಣ್ಣಲಿಕ್ಕೆ ಹಾಕ್ತೀರಿ. ಒಂದ ಚೂರು ಬಾಯಾಗ ಹಾಕ್ಕೊಂಡು ನೋಡೂದಿಲ್ಲೇನ್ರೀ?"

ಅವರು ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು. ಹಸಿಯದನ್ನು ನೋಡುವುದನ್ನು ರಾಯರು ನಿಲ್ಲಿಸಿದರು ಎಂದು ಹೇಳಬಹುದಿತ್ತು. ಬೆಂದದ್ದನ್ನು ನೋಡುವುದನ್ನು ನಿಲ್ಲಿಸಿದವರು ಯಾರು? ಅದನ್ನು ನಾನೇ ಹೊತ್ತು ತಂದಿದ್ದೆ, ಊರಿನಿಂದ, ಹೆಮ್ಮೆಯಿಂದ. ಎದ್ದು ಹೊರಗೆ ಬಂದೆ. ಸಂಜೆಯ ಗಾಡಿಗೆ ಅವರ ಹೆಂಡತಿ ಬಂದರು. ಕುಲಕರ್ಣಿಯವರು ಬದುಕಿದರು, ಒಂದು ತಿಂಗಳ ಮೇಲೆ ವರ್ಗ ಮಾಡಿಸಿಕೊಂಡು ಹುಬ್ಬಳ್ಳಿಗೆ ಹೋದರು. ಪ್ರಾಣಹಾನಿಯಾಗದ ಕಾರಣ ಪೊಲೀಸರು ಕಾಗದವನ್ನು ಮುಂದುವರಿಸಲಿಲ್ಲ. ಹಾಗಾಗಿ ಅದರಲ್ಲಿದ್ದುದನ್ನು ಸುಳ್ಳೆಂದು ತೋರಿಸಲು ನನಗೊಂದು ಎಡೆಯೂ ಸಿಗಲಿಲ್ಲ.

ನನ್ನನ್ನು ಕೆಲಸದಿಂದ ತೆಗೆದರು. ಅದನ್ನು ನಾನು ಅನ್ಯಾಯವೆನ್ನುವುದಿಲ್ಲ. ಅದಾದ ಮೇಲೆ ಅಹಮದಾಬಾದಿನಲ್ಲಿ ಎರಡು, ಬರೋಡಾದಲ್ಲಿ ಮೂರು ಹೋಟೆಲಿನವರು ನನ್ನ ಮುಖ ನೋಡಿದ ಕೂಡಲೇ ಕೆಲಸವಿಲ್ಲವೆಂದರು. ಬರೋಡಾದ ಒಬ್ಬರು, ಕಲಾಯಿಯವನನ್ನು ಜೊತೆಗೇ ಕರೆದುಕೊಂಡು ಬಂದಿದ್ದೀಯಾ ಎಂದು ಕೇಳಿ ತಮ್ಮ ಗಿರಾಕಿಗಳನ್ನು ನಗಿಸಿದರು. ಕಿಲುಬು ಭಟ್ಟ ಎಂಬ ಹೆಸರು ನನಗಿಂತ ಮೊದಲೇ ರೈಲು ಹತ್ತಿ ಊರಿಗೆ ಮುಟ್ಟಿತ್ತು. ಅನಂತಣ್ಣನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಉಬ್ಬಸದ ನಡುವೆ ಎದ್ದು ಕುಳಿತರು.

"ನನ್ನದೂ ಉಂಟು ಅದ್ರಲ್ಲಿ. ಹಸಿಯದ್ದು ನೋಡ್ಲಿಕ್ಕೆ ಕಲಿಸಿದೆ. ಬೆಂದದ್ದನ್ನು ನೋಡಬೇಡ ಅಂತಲೂ ನಾನೇ ಕಲಿಸಿದೆ" ಎಂದರು.

ಇಷ್ಟು ಹೇಳಿದ ಮನುಷ್ಯ ಅವರೊಬ್ಬರೇ. ಆ ವರ್ಷ ಮುಗಿಯುವ ಮೊದಲು ಬರೋಡಾದ ವಿದ್ಯಾರ್ಥಿಗಳ ಮೆಸ್ಸೊಂದರಲ್ಲಿ, ನಮ್ಮ ಕಡೆಯವರು ಯಾರೂ ಇಲ್ಲದಲ್ಲಿ, ನನಗೆ ಕೆಲಸ ಸಿಕ್ಕಿತು. ನಿವೃತ್ತನಾಗುವವರೆಗೆ ಅಲ್ಲೇ ಇದ್ದೆ. ಅಲ್ಲಿ ಕಾಯಿಯನ್ನು ನಾನೇ ಹೆಚ್ಚಿದೆ, ಸಿವುರು ನೋಡಿದೆ, ಬೆಂದ ಮೇಲೆ ಬೇರೆ ಬಟ್ಟಲಿಗೆ ತೆಗೆದು ತಿಂದು, ಕೈಬಾಯಿ ತೊಳೆದು, ಕಾಲು ಗಂಟೆ ಕಾದು ಬಡಿಸಿದೆ. ನನ್ನ ಕೈಕೆಳಗೆ ಬಂದವರು ಮೂಗು ಮುರಿದರು, ಎಂಜಲೆಂದರು. ಎಂಜಲಿಗೆ ಯಾರೂ ಸತ್ತಿಲ್ಲವೆಂದು ಹೇಳಿ ಅವರಿಂದಲೂ ಹಾಗೆಯೇ ಮಾಡಿಸಿದೆ. ಆ ಕಾಲು ಗಂಟೆ ಒಂದು ದಿನವೂ ನೆಮ್ಮದಿಯಿಂದ ಕಳೆಯಲಿಲ್ಲ. ಸೋರೆಕಾಯಿಯ ದಿನಗಳಲ್ಲಿ ನನ್ನ ಹೊಟ್ಟೆಯ ಪ್ರತಿಯೊಂದು ಸದ್ದಿಗೂ ಕಿವಿಗೊಟ್ಟು ಕುಳಿತಿರುತ್ತಿದ್ದೆ.

ಇನ್ನೊಂದು ಸಂಗತಿಯನ್ನು ಇದುವರೆಗೆ ಅನಂತಣ್ಣನಿಗೂ ಹೇಳಿರಲಿಲ್ಲ. ಕುಲಕರ್ಣಿಯವರು ಕಣ್ಣು ತೆರೆದ ದಿನ ಮಧ್ಯಾಹ್ನ ನನ್ನ ಪೆಟ್ಟಿಗೆ ತರಲು ಹೋಟೆಲಿಗೆ ಹೋದೆ. ಆ ಪ್ರಸಂಗದ ದಿನದಿಂದ ಬಾಗಿಲು ಹಾಕಿತ್ತು, ಹಿತ್ತಿಲಿನಿಂದ ಒಳಹೊಕ್ಕೆ. ಪಾತ್ರೆ ತೊಳೆಯುವವರು ಬಾರದೆ ಎಲ್ಲವೂ ಹಾಗೆಯೇ ಬಿದ್ದಿತ್ತು. ಅದರ ನಡುವೆ ಆ ದಿನ ಧನಿಗಳ ಮನೆಯಿಂದ ಮರಳಿ ಬಂದಿದ್ದ ಬುತ್ತಿ ಕ್ಯಾರಿಯರ್ ಇತ್ತು. ದಿನವೂ ಹನ್ನೊಂದೂವರೆಗೆ, ಗಿರಾಕಿಗಳಿಗೆ ಬಡಿಸುವ ಮೊದಲೇ, ಅದು ಅವರ ಮನೆಗೆ ಹೋಗುತ್ತಿತ್ತು. ಅದನ್ನು ತುಂಬುವವರು ರಾಯರು. ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ನಾನು ಅಭ್ಯಾಸಬಲದಿಂದ ಡಬ್ಬಿಗಳನ್ನು ಬಿಚ್ಚಿದೆ. ಮೊದಲನೆಯದರಲ್ಲಿ ಒಣಗಿದ ಅನ್ನದ ಅಗುಳು. ಎರಡನೆಯದರಲ್ಲಿ ಹುಳಿಯ ಗಸಿ. ನಾಲ್ಕನೆಯದರಲ್ಲಿ ಮಜ್ಜಿಗೆಯ ಕಲೆ. ಪಲ್ಯದ ಡಬ್ಬಿ ಮೂರನೆಯದು. ಅದರಲ್ಲಿ ಅರಸಿನದ ಹಳದಿಯಿರಲಿಲ್ಲ, ಸಾಸಿವೆಯ ಒಂದು ಕಾಳಿರಲಿಲ್ಲ. ಚೀಪಿ ಬಿಟ್ಟ ಎರಡು ಮಾವಿನ ಮಿಡಿಯ ಗೊರಟುಗಳೂ ಉಪ್ಪಿನಕಾಯಿಯ ರಸವೂ ಇದ್ದವು.

ಸೀತಾರಾಮ ರಾಯರೇ, ನೀವು ಈಗ ಆ ಸಂಸ್ಥೆಯ ಹಿರಿಯರು. ಸಂಚಿಕೆಯ ಆ ಪುಟದ ಕೆಳಗೆ ಇರುವುದು ನಿಮ್ಮ ಸಹಿ. ನನ್ನ ಪಾಲಿನ ತಪ್ಪನ್ನು ನಾನು ಇಲ್ಲಿ ಬರೆದಿದ್ದೇನೆ. ಅದರಲ್ಲಿ ಒಂದು ಅಕ್ಷರವನ್ನೂ ಹಿಂದೆಗೆದುಕೊಳ್ಳುವುದಿಲ್ಲ. ನಿಮ್ಮಿಂದ ಕ್ಷಮೆಯನ್ನಾಗಲಿ ತಿದ್ದುಪಡಿಯನ್ನಾಗಲಿ ಬೇಡುತ್ತಿಲ್ಲ. ಬಾಣಲೆ ಕಬ್ಬಿಣದ್ದೋ ಹಿತ್ತಾಳೆಯದೋ ಎಂದು ಕೂಡ ಕೇಳುವುದಿಲ್ಲ. ಅದು ನಿಮಗೆ ಗೊತ್ತಿದೆ. ಊರಿನವರಿಗೆಲ್ಲ ಬಡಿಸಲು ಯೋಗ್ಯವೆಂದು ನೀವು ಬೆಲ್ಲ ಹಾಕಿಸಿ ಕಳುಹಿಸಿದ ಆ ಪಲ್ಯವನ್ನು ನಿಮ್ಮ ಅಕ್ಕನ ಮನೆಯ ಡಬ್ಬಿಗೆ ಮಾತ್ರ ಏಕೆ ಹಾಕಲಿಲ್ಲ?